ಹತ್ತು ದಿನ ಉಣಿಸಿದ ಮೇಲೆ ಎಳೆದ ಬಲೆ

ಉದ್ಯಾನ ಮತ್ತು ಕೆರೆಗಳ ಅಧಿಕಾರಿಗಳೇ,

ನಿಮ್ಮ ಬಲೆಗೆ ಮೀನು ಕೂಡಿಸಿಕೊಟ್ಟವಳು ನಾನು. ಪಾರ್ಕಿನ ಕೆರೆಯ ಗೆಂಡೆ ಮೀನುಗಳನ್ನು ಎಣಿಸಿ, ತೂಗಿ, ಅರ್ಧ ಗಂಟೆಯಲ್ಲಿ ಮತ್ತೆ ನೀರಿಗೆ ಬಿಡುತ್ತೇವೆ ಎಂದು ನನಗೆ ಹೇಳಿದಿರಿ. ನಾನು ನಂಬಿದೆ. ಹತ್ತು ದಿನ ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ ಅವಕ್ಕೆ ಉಣಿಸಿದೆ. ಹನ್ನೊಂದನೆಯ ದಿನ ನೀವು ಹೇಳಿದ ಗಂಟೆಗೆ ಸರಿಯಾಗಿ ಕರೆದೆ. ಅವು ನನ್ನನ್ನು ನಂಬಿ ಬಂದವು. ನಲವತ್ತಮೂರು ಮೀನು ಲಾರಿ ಹತ್ತಿದವು. ಒಂದೂ ನೀರಿಗೆ ಮರಳಲಿಲ್ಲ.

ಇದನ್ನು ಊರಿಗೆಲ್ಲ ಕೇಳಿಸುವಂತೆ ಬರೆಯುವ ಆಸೆ ನನಗಿರಲಿಲ್ಲ. ನಿಮ್ಮ ಕಚೇರಿಗೆ ಮೂರು ಸಲ ಬಂದೆ. ಮೊದಲ ಸಲ ನೀವು ಹೊರಗೆ ಹೋಗಿದ್ದಿರಿ. ಎರಡನೆಯ ಸಲ ಇನ್ನೂ ಬಂದಿರಲಿಲ್ಲ. ಮೂರನೆಯ ಸಲ ಬಾಗಿಲಲ್ಲಿ ಕೂತವರು "ಸಾಹೇಬ್ರು ಮೀಟಿಂಗಲ್ಲಿದಾರೆ" ಎಂದರು. ಬಾಗಿಲಿನ ಗಾಜಿನಲ್ಲಿ ನೀವು ಒಬ್ಬರೇ ಕೂತು ಉಗುರು ಕತ್ತರಿಸಿಕೊಳ್ಳುವುದು ಕಾಣುತ್ತಿತ್ತು. ಒಟ್ಟು ಹತ್ತು ಉಗುರು, ಮೀಟಿಂಗು ಬೇಗ ಮುಗಿಯಬಹುದು ಎಂದು ಕಾದೆ. ಊಟದ ಹೊತ್ತಿಗೆ ನೀವು ಇನ್ನೊಂದು ಬಾಗಿಲಿನಿಂದ ಹೋದಿರಿ. ಆದ್ದರಿಂದ ಈ ಪತ್ರ.

ನಾನು ಯಾರು ಎಂಬುದು ನಿಮಗೆ ಗೊತ್ತು, ಓದುವ ಉಳಿದವರಿಗಾಗಿ ಹೇಳುತ್ತೇನೆ. ವಯಸ್ಸು ಹತ್ತೊಂಬತ್ತು. ಹೊಲಿಗೆ ಅಂಗಡಿಯಲ್ಲಿ ಅಂಗಿಗಳಿಗೆ ಗುಂಡಿ ಹಚ್ಚುವುದು, ಕಾಜಾ ಮಾಡುವುದು ನನ್ನ ಕೆಲಸ. ಒಂಬತ್ತನೇ ತರಗತಿಯ ನಡುವೆ ಶಾಲೆ ಬಿಟ್ಟೆ. ಕೇಳಿದವರೆಲ್ಲ "ಅಯ್ಯೋ ಪಾಪ, ಮನೇಲಿ ಏನು ಕಷ್ಟವೋ" ಎನ್ನುತ್ತಾರೆ. ಕಷ್ಟ ಏನೂ ಇರಲಿಲ್ಲ. ಅಕ್ಕ ಬುತ್ತಿ ಕಟ್ಟಿಕೊಡುತ್ತಿದ್ದಳು, ಮೇಷ್ಟ್ರುಗಳು ಒಳ್ಳೆಯವರೇ. ನನಗೆ ಕೂರಲು ಆಗುತ್ತಿರಲಿಲ್ಲ, ಅಷ್ಟೇ. ಬೆಂಚಿನ ಮೇಲೆ ಮುಳ್ಳಿದ್ದ ಹಾಗೆ ಆಗುತ್ತಿತ್ತು. ಅದೇ ನಾನು ಕೆರೆಯ ದಡದಲ್ಲಿ ಗಾಳದ ದಾರಕ್ಕೆ ಕಟ್ಟಿದ ಬೆಂಡಿನ ಮೇಲೆ ಕಣ್ಣಿಟ್ಟರೆ ನಾಲ್ಕು ಗಂಟೆ ಅಲುಗುವುದಿಲ್ಲ. ಯಾಕೆ ಎಂದು ನನಗೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದೆ ಎನ್ನುವ ಅಭ್ಯಾಸ ನನಗಿಲ್ಲ, ಅದಕ್ಕೇ ಪರೀಕ್ಷೆಯಲ್ಲೂ ಹಾಳೆ ಖಾಲಿ ಬಿಟ್ಟು ಬರುತ್ತಿದ್ದೆ.

ದಡದಲ್ಲಿ ನನಗೆ ಪಾಠ ಹೇಳಿದವರು ಬೀಗದಜ್ಜ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದು ಪೆಟ್ಟಿಗೆಯಷ್ಟು ಅಂಗಡಿಯಲ್ಲಿ ಕೂತು ಬೀಗ ರಿಪೇರಿ ಮಾಡುತ್ತಾರೆ. ನನ್ನನ್ನು ಚಡಪಡಿ ಎಂದೇ ಕರೆಯುವುದು. ಬೇಸಿಗೆಯಲ್ಲಿ ಗೆಂಡೆ ಹಿಡಿಯುವುದು ತೋಳ್ಬಲದ ಕೆಲಸವಲ್ಲ, ಅದರ ದಿನಚರಿ ಕಲಿಯುವ ಕೆಲಸ ಎಂದು ಹೇಳಿಕೊಟ್ಟವರು ಅವರೇ. ಬಿಸಿಲು ಏರಿದ ಮೇಲೆ ಮೀನು ತಳ ಬಿಟ್ಟು ಮೇಲೆ ತೇಲುತ್ತದೆ, ಮರದ ನೆರಳಿಗೆ ಬರುತ್ತದೆ. ಆಗ ತಳಕ್ಕೆ ಮುಳುಗುವ ಕಾಳು ಹಾಕಿ ಕಾಯುವವನು ಸಂಜೆಯವರೆಗೂ ಕಾಯಬೇಕು. ಗಾಳಿ ಯಾವ ದಡಕ್ಕೆ ತಳ್ಳುತ್ತದೋ ಆ ದಡದಲ್ಲಿ ಬ್ರೆಡ್ಡಿನ ಕಂದು ಅಂಚನ್ನು ತೇಲಿಬಿಡಬೇಕು, ಅದೂ ಮೀನಿನ ತಲೆಯ ಮೇಲೆ ಎಸೆಯದೆ, ಆಚೆ ಎಸೆದು ಮೆಲ್ಲಗೆ ಎಳೆದು ತರಬೇಕು. ಅಕ್ಕ ಬೇಕರಿಯಲ್ಲಿ ಕೆಲಸ ಮಾಡುವುದರಿಂದ ಹಿಂದಿನ ದಿನದ ಬ್ರೆಡ್ಡಿಗೆ ನನಗೆ ಕೊರತೆ ಇರಲಿಲ್ಲ.

ಆದರೆ ದೊಡ್ಡವು ಬೇಕೆಂದರೆ ಬೆಳಗಿನ ಹೊತ್ತೇ ಆಗಬೇಕು, ಮೆಕ್ಕೆಜೋಳವೇ ಆಗಬೇಕು. ಒಣ ಕಾಳನ್ನು ಹಾಗೇ ಎಸೆದರೆ ಅದು ಮೀನಿನ ಹೊಟ್ಟೆಯಲ್ಲಿ ಉಬ್ಬುತ್ತದೆ. ಒಂದು ಹಗಲು ಒಂದು ರಾತ್ರಿ ನೆನೆಸಬೇಕು, ಕಾಳು ಬಾಯಿಬಿಡುವ ತನಕ ಬೇಯಿಸಬೇಕು, ಬೆಂದ ನೀರಲ್ಲೇ ಒಂದು ದಿನ ಬಿಡಬೇಕು. ಸ್ವಲ್ಪ ಹುಳಿ ವಾಸನೆ ಬಂದಾಗ ಅದು ಸರಿಯಾಯಿತು ಎಂದರ್ಥ. ಅಕ್ಕ ಆ ಪಾತ್ರೆಯನ್ನು ಅಡುಗೆಮನೆಯಿಂದ ಗಡೀಪಾರು ಮಾಡಿದ್ದಾಳೆ. ಆಮೇಲೆ ಗಾಳವಿಲ್ಲದೆ ಉಣಿಸಬೇಕು. ಒಂದೇ ಜಾಗ, ಒಂದೇ ಹೊತ್ತು, ಎರಡೇ ಹಿಡಿ. ಮೂರನೆಯ ಹಿಡಿ ಹಾಕಿದರೆ ಮೀನು ಹೊಟ್ಟೆ ತುಂಬಿ ಹೋಗುತ್ತದೆ, ನಾಳೆ ಹುಡುಕಿಕೊಂಡು ಬರುವುದಿಲ್ಲ. ನಾನು ಕಾಳು ಎಸೆಯುವ ಮುಂಚೆ ತಗಡಿನ ಡಬ್ಬವನ್ನು ಕಲ್ಲಿಗೆ ಮೂರು ಸಲ ಬಡಿಯುತ್ತಿದ್ದೆ. ನಾಲ್ಕೈದು ದಿನಕ್ಕೆ ಅವು ಆ ಸದ್ದು ಕಲಿತುಬಿಡುತ್ತವೆ. ಡಬ್ಬ ಬಡಿದರೆ ಸಾಕು, ಕೆರೆ ತಿರುಗುವ ಜಾಗದಲ್ಲಿ, ಅಂದರೆ ನಾವು ಮೊಣಕೈ ಎಂದು ಕರೆಯುವ ಮೂಲೆಯಲ್ಲಿ, ತೊಡೆಮಟ್ಟದ ನೀರು ಒಳಗಿನಿಂದ ಕದಡತೊಡಗುತ್ತದೆ.

ಹೀಗೆ ಹತ್ತು ದಿನ ಬರಿಗೈಯಲ್ಲಿ ಉಣಿಸಿದವರಿಗೆ ಹನ್ನೊಂದನೆಯ ದಿನ ಗಾಳ ಹಾಕುವ ಹಕ್ಕು. ಒಂದು ಮೀನು. ಒದ್ದೆ ಗೋಣಿಯ ಮೇಲೆ ಮಲಗಿಸಿ, ಒದ್ದೆ ಕೈಯಲ್ಲೇ ಗಾಳ ಬಿಡಿಸಿ, ತಲೆ ಮುಂದಾಗಿ ನೀರಿಗೆ ಬಿಡಬೇಕು. ನಮ್ಮ ದಡದಲ್ಲಿ ಇದಕ್ಕೆ ಕಾವಲು ಬೇಕಿಲ್ಲ. ಇನ್ನೊಬ್ಬರು ಉಣಿಸಿದ ಜಾಗಕ್ಕೆ ಯಾರೂ ಗಾಳ ಹಾಕುವುದಿಲ್ಲ. ಮೀನನ್ನು ಮನೆಗೆ ಒಯ್ಯುವಂತಿಲ್ಲ ಎಂಬುದಂತೂ ನಿಮ್ಮ ಇಲಾಖೆಯದೇ ನಿಯಮ, ಗೇಟಿನ ಬೋರ್ಡಿನಲ್ಲಿ ಮೂರನೆಯ ಸಾಲು. ಹೋದ ವರ್ಷ ಒಬ್ಬ ಪೇಂಟರು ಅಂಗೈಯಷ್ಟು ಮೀನೊಂದನ್ನು ಚೀಲದಲ್ಲಿ ಹಾಕಿಕೊಂಡು ಹೋಗುವಾಗ ಸಿಕ್ಕಿಬಿದ್ದು ಗಾಳ ಹಾಕುವ ಪರವಾನಗಿ ಕಳೆದುಕೊಂಡ. ನಲವತ್ತಮೂರನ್ನು ಒಯ್ದವರ ಪರವಾನಗಿ ಯಾರ ಮೇಜಿನಲ್ಲಿದೆ, ಸ್ವಾಮಿ?

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ಬೇಸಿಗೆ ಶುರುವಾದಾಗ ನೀವೇ ದಡಕ್ಕೆ ಬಂದಿರಿ. ನಾನು ಡಬ್ಬ ಬಡಿಯುವುದನ್ನು, ಮೀನು ಬರುವುದನ್ನು ನಿಂತು ನೋಡಿದಿರಿ. "ಇದನ್ನ ನೀವು ಹೇಗೆ ಮಾಡ್ತೀರಿ?" ಎಂದು ಕೇಳಿದಿರಿ. ಮರುದಿನ ಕಚೇರಿಗೆ ಕರೆಸಿದಿರಿ. ಕುರ್ಚಿ ಕೊಟ್ಟಿರಿ, ಚಹಾ ತರಿಸಿದಿರಿ. ಗೋಡೆಯ ಮೇಲಿನ ಕೆರೆಯ ನಕ್ಷೆಯ ಹತ್ತಿರ ನಿಲ್ಲಿಸಿ ಪೆನ್ಸಿಲು ಕೊಟ್ಟು, "ಎಲ್ಲಿ ತಿನ್ನುತ್ತವೆ, ಎಲ್ಲಿ ಮಲಗುತ್ತವೆ, ಗುರುತು ಮಾಡಿ" ಎಂದಿರಿ. ನಾನು ಮಾಡಿದೆ. ಶಾಲೆ ಬಿಟ್ಟ ಮೇಲೆ ನನಗೆ ಯಾರೂ ಪೆನ್ಸಿಲು ಕೊಟ್ಟು ಗೋಡೆಯ ಹತ್ತಿರ ನಿಲ್ಲಿಸಿರಲಿಲ್ಲ. ನೀವು ನನ್ನನ್ನು ಬಹುವಚನದಲ್ಲಿ ಮಾತಾಡಿಸಿದಿರಿ. ಇನ್ನೊಬ್ಬ ಅಧಿಕಾರಿಗೆ ಪರಿಚಯಿಸುವಾಗ "ಇವರು ನಮ್ಮ ಗೆಂಡೆ ತಜ್ಞರು" ಎಂದಿರಿ. ಸುಳ್ಳು ಹೇಳುವುದಿಲ್ಲ, ನಾನು ಉಬ್ಬಿಹೋದೆ. ಮನೆಗೆ ನಡೆದು ಹೋಗುವ ಬದಲು ಎರಡು ಸ್ಟಾಪು ಸುಮ್ಮನೆ ಬಸ್ಸಿನಲ್ಲಿ ಹೋದೆ. ಅಕ್ಕನಿಗೆ ಹೇಳಿದರೆ ಅವಳು ಹಿಟ್ಟು ಮೆತ್ತಿದ ಕೈಯನ್ನು ಸೊಂಟಕ್ಕಿಟ್ಟು, "ತಜ್ಞೆಯವರೇ, ಆ ನಾತದ ಪಾತ್ರೆ ಯಾವಾಗ ತೊಳೀತೀರಿ?" ಎಂದಳು.

"ಮೀನುಗಳ ಎಣಿಕೆ ಆಗಬೇಕು. ತೂಕ ನೋಡಿ, ಗುರುತು ಹಾಕಿ ಬಿಟ್ಟುಬಿಡ್ತೀವಿ. ನೀವು ಒಂದು ಕಡೆ ಸೇರಿಸಿಕೊಟ್ಟರೆ ಅವಕ್ಕೂ ಹಿಂಸೆ ಇಲ್ಲ" ಎಂದು ನೀವು ಹೇಳಿದಾಗ ನನಗೆ ಸರಿ ಎನಿಸಿತು. ಕೆರೆಯ ತುಂಬ ಬಲೆ ಎಳೆದಾಡುವುದಕ್ಕಿಂತ ಇದು ಒಳ್ಳೆಯದೇ. ನಾನು ಕಾಗದದ ಮೇಲೆ ಬರೆದುಕೊಡಿ ಎಂದು ಕೇಳಲಿಲ್ಲ. ಆರನೆಯ ದಿನ ನಿಮ್ಮ ಗುತ್ತಿಗೆದಾರರ ಆಳುಗಳು ಮೊಣಕೈಯಲ್ಲಿ ಬಿದಿರು ಊರಿ ಆಳ ಅಳೆಯುತ್ತಿದ್ದರು. ಎಣಿಕೆಗೆ ಇಷ್ಟು ಅಳತೆ ಯಾಕೆ ಎಂದು ನನಗೆ ಅನುಮಾನ ಬಂತು. ಬಂತು ಎಂಬುದನ್ನು ಮುಚ್ಚಿಡುವುದಿಲ್ಲ. ನಿಮಗೆ ಫೋನು ಮಾಡಿದೆ. "ನಂಬಿಕೆ ಇಲ್ವಾ ನಮ್ಮ ಮೇಲೆ?" ಎಂದಿರಿ. ನನಗೇ ನಾಚಿಕೆಯಾಯಿತು, ಕ್ಷಮಿಸಿ ಸಾರ್ ಎಂದೆ. ಈಗ ಯೋಚಿಸಿದರೆ ನಾನು ಕೇಳಿದ್ದು ಅಳತೆಯ ಬಗ್ಗೆ, ನೀವು ಉತ್ತರಿಸಿದ್ದು ನಂಬಿಕೆಯ ಬಗ್ಗೆ. ಅಷ್ಟರಲ್ಲೇ ತಿಳಿಯಬೇಕಿತ್ತು. ನನಗೆ ತಿಳಿಯಲಿಲ್ಲ.

ಎಣಿಕೆಗೆ ಲಾರಿ ಬರುತ್ತದಂತೆ ಎಂದು ಕೇಳಿ ಬೀಗದಜ್ಜ ಮಾತ್ರ ಮೊದಲೇ ಒಂದು ಮಾತು ಹೇಳಿದ್ದರು. "ಏ ಚಡಪಡಿ, ಮೀನು ಎಣಿಸೋಕೆ ಅಷ್ಟು ದೊಡ್ಡ ಲಾರಿ ಯಾಕಮ್ಮ? ಪುಸ್ತಕ, ಪೆನ್ನು ಸಾಲಲ್ವಾ?"

"ನೀರಿನ ತೊಟ್ಟಿ ಇರುತ್ತಂತೆ ಅಜ್ಜಾ, ತೂಕ ಮಾಡೋ ತನಕ ಇಡೋಕೆ. ನಾನೇ ಕೇಳಿದೀನಿ."

"ಯಾರನ್ನ ಕೇಳಿದೆ?"

"ಸಾಹೇಬ್ರನ್ನೇ."

"ಹಾಗಾದ್ರೆ ಸರಿ ಬಿಡು" ಎಂದರು ಅಜ್ಜ. ನನ್ನನ್ನು ನಂಬಿ ಅವರು ನಿಮ್ಮನ್ನೂ ನಂಬಿದರು.

ಹನ್ನೊಂದನೆಯ ಬೆಳಿಗ್ಗೆ ಆರು ಗಂಟೆಗೆ ನಾನು ಒದ್ದೆ ಮಾಡಿದ ನಾಲ್ಕು ಗೋಣಿಚೀಲ ಹೊತ್ತು ಬಂದೆ, ತೂಕದ ಹೊತ್ತಿನಲ್ಲಿ ಮೀನಿನ ಮೈ ತರಚಬಾರದು ಎಂದು. ನಿಮ್ಮ ಬಲೆ ಮುಂಚೆಯೇ ತಳದಲ್ಲಿ ಹಾಸಿತ್ತು. ನೀವು ಕೈಸನ್ನೆ ಮಾಡಿದಿರಿ. ನಾನು ಡಬ್ಬ ಬಡಿದೆ. ಬಂದವು. ನಾವು ಮೇಷ್ಟ್ರು ಎಂದು ಕರೆಯುವ ಹಳೆಯ ಗೆಂಡೆಯೂ ಬಂತು. ಮೈಮೇಲೆ ಹುರುಪೆ ಹೆಚ್ಚಿಲ್ಲದ, ನುಣುಪು ಜಾತಿ ಅದು. ಎಡ ಮಗ್ಗುಲಲ್ಲಿ ಮಾತ್ರ ದೊಡ್ಡ ಮೂರು ಹುರುಪೆ, ಕತ್ತಿನ ತನಕ ಗುಂಡಿ ಹಾಕಿಕೊಂಡ ಹಾಗೆ. ಅದಕ್ಕೇ ಆ ಹೆಸರು. ನಾಲ್ಕು ವರ್ಷದಲ್ಲಿ ಒಮ್ಮೆ ಮಾತ್ರ ನನ್ನ ಗಾಳಕ್ಕೆ ಸಿಕ್ಕಿತ್ತು, ಎರಡು ಕೈಯಲ್ಲಿ ಹಿಡಿದು ನಾನೇ ಬಿಟ್ಟಿದ್ದೆ. ಬಲೆ ಎದ್ದಿತು. ಅರ್ಧ ಗಂಟೆಯಲ್ಲಿ ದೊಡ್ಡವೆಲ್ಲ ಲಾರಿಯ ತೊಟ್ಟಿಯಲ್ಲಿದ್ದವು, ಆ ಮಟ್ಟಿಗೆ ನೀವು ಮಾತಿನಂತೆಯೇ ನಡೆದಿರಿ. ತಕ್ಕಡಿ ಎಲ್ಲಿ ಎಂದು ನಾನು ಹುಡುಕುತ್ತಿದ್ದೆ. ತಕ್ಕಡಿ ಇರಲಿಲ್ಲ. ಲಾರಿಯವನು ಎಂಜಿನ್ ಚಾಲೂ ಮಾಡಿದ. ನಾನು ಅಡ್ಡ ನಿಂತು "ಅಣ್ಣಾ, ಇನ್ನೂ ಎಣಿಸಿಲ್ಲ" ಎಂದೆ. ಅವನು ನಕ್ಕು, "ಎಣಿಸಿ ಆಯ್ತಮ್ಮ, ನಲವತ್ಮೂರು. ದಾರಿ ಬಿಡು" ಎಂದ. ನಿಮ್ಮ ಕಡೆ ನೋಡಿದೆ. ನೀವು ಫೋನಿನಲ್ಲಿದ್ದಿರಿ.

ನಾಲ್ಕು ದಿನದ ಮೇಲೆ ಗೇಟಿಗೆ ನಿಮ್ಮ ಪ್ರಕಟಣೆ ಬಂತು. "ನೀರಿನ ಗುಣಮಟ್ಟದ ಹಿತದೃಷ್ಟಿಯಿಂದ ಹೆಚ್ಚುವರಿ ಮೀನುಗಳನ್ನು ಸ್ಥಳೀಯ ಗಾಳಗಾರರ ಪೂರ್ಣ ಒಪ್ಪಿಗೆ ಮತ್ತು ಸಹಕಾರದೊಂದಿಗೆ ವೈಜ್ಞಾನಿಕವಾಗಿ ಸ್ಥಳಾಂತರಿಸಲಾಗಿದೆ." ಹೆಚ್ಚುವರಿ ಎಂದರೆ ಏನು? ಚಿಕ್ಕವನ್ನೆಲ್ಲ ಬಿಟ್ಟು ದೊಡ್ಡವನ್ನೇ ಆರಿಸಿಕೊಂಡಿದ್ದು ಯಾವ ವಿಜ್ಞಾನ? ಎಲ್ಲಿಗೆ ಸ್ಥಳಾಂತರ? ಒಪ್ಪಿಗೆ ಕೊಟ್ಟವರು ಯಾರು? ಆ ಸಾಲನ್ನು ಓದಿದ ದಡದವರಿಗೆ ಕೊನೆಯ ಪ್ರಶ್ನೆಗೆ ಮಾತ್ರ ಉತ್ತರ ಗೊತ್ತಿತ್ತು. ಎಲ್ಲರೂ ನನ್ನ ಕಡೆ ತಿರುಗಿದರು.

ಎಲ್ಲಿಗೆ ಎಂಬುದು ನನ್ನ ಕೆಲಸದ ಮೇಜಿಗೇ ಬಂತು. ನಮ್ಮ ಅಂಗಡಿಗೆ ಒಬ್ಬರು ಹತ್ತು ಅಂಗಿಗಳ ಬಟ್ಟೆ ತಂದರು. ಊರಾಚೆ ಹೊಸದಾಗಿ ತೆರೆಯುವ ಖಾಸಗಿ ಕೊಳದ ಕೆಲಸಗಾರರಿಗೆ ಸಮವಸ್ತ್ರ. ಟಿಕೆಟ್ಟು ಕೊಟ್ಟು ಹೋಗಿ ದೊಡ್ಡ ಮೀನಿಗೆ ಗಾಳ ಹಾಕಬಹುದಂತೆ. ಜೇಬಿನ ಮೇಲೆ ಹಾಕುವ ಚಿತ್ರಕ್ಕಾಗಿ ಕರಪತ್ರವನ್ನೂ ಕೊಟ್ಟರು. ಕರಪತ್ರದಲ್ಲಿ ಕಪ್ಪು ಕನ್ನಡಕದವನೊಬ್ಬ ಮೇಷ್ಟ್ರನ್ನು ತಬ್ಬಿಕೊಂಡು ಹಲ್ಲು ಕಿರಿಯುತ್ತಿದ್ದ. ಎಡ ಮಗ್ಗುಲು, ಮೂರು ಹುರುಪೆ, ಮೂರನೆಯದು ಸಾಲಿನಿಂದ ಒಂದು ನೂಲಿನಷ್ಟು ಕೆಳಗೆ. ಮೀನೆಲ್ಲ ಒಂದೇ ಥರ ಕಾಣುತ್ತದೆ ಎಂದು ನೀವು ಹೇಳಬಹುದು. ದಿನಕ್ಕೆ ನೂರು ಗುಂಡಿ ಹಚ್ಚುವವಳಿಗೆ ಸೊಟ್ಟ ಗುಂಡಿ ಯಾವುದೆಂದು ಹೇಳಿಕೊಡಬೇಡಿ. ಟೈಲರಮ್ಮ ಕೇಳಿದರು, "ಏನೇ, ಮುಖ ಹಾಗಾಯ್ತು?" ಏನಿಲ್ಲ ಎಂದೆ. ಆ ವಾರ ನಾನು ಹೇಳಿದ ಒಂದೇ ಸುಳ್ಳು ಅದು. ಹತ್ತೂ ಅಂಗಿಗಳಿಗೆ ಗುಂಡಿ ಹಚ್ಚಿದೆ, ಗಟ್ಟಿಯಾಗಿಯೇ ಹಚ್ಚಿದೆ. ಅಂಗಿ ತೊಡುವವರು ನನಗೇನೂ ಮಾಡಿಲ್ಲ.

ನನಗೆ ಏನಾಯಿತು ಎಂದು ಕೇಳುತ್ತೀರಾ? ಕೆಲಸ ಹೋಗಿಲ್ಲ, ಕೈಕಾಲು ಮುರಿದಿಲ್ಲ. ದೂರು ಕೊಡಲು ಹೋದರೆ ಯಾವ ಕಲಂ ಕೆಳಗೆ ಬರೆದುಕೊಳ್ಳುವುದು ಎಂದು ಕೇಳುತ್ತಾರೆ. ಆದರೆ ನಾನು ದಡಕ್ಕೆ ಹೋದರೆ ಮಾತು ನಿಲ್ಲುತ್ತದೆ. ದಿನಾ ನನ್ನ ಡಬ್ಬದಿಂದ ಕಾಳು ಸಾಲ ಕೇಳುತ್ತಿದ್ದ ಬಸ್ ಕಂಡಕ್ಟರು, "ಡಬ್ಬ ಬಡೀತೀಯಾ ತಂಗಿ? ನಾವೂ ಸಾಲಾಗಿ ಬಂದು ಲಾರಿ ಹತ್ತಬೇಕಾ?" ಎಂದರು. ಎಲ್ಲರೂ ನಕ್ಕರು. ಬೇರೆಯವರ ವಿಷಯವಾಗಿದ್ದರೆ ನಾನೂ ನಗುತ್ತಿದ್ದೆ, ಮಾತು ಹಾಗಿತ್ತು. ಬೀಗದಜ್ಜ ನಗಲಿಲ್ಲ. ಅವರು ತಮ್ಮ ಸ್ಟೂಲನ್ನು ನನ್ನ ಪಕ್ಕದಿಂದ ಎತ್ತಿಕೊಂಡು ಆಚೆ ದಡಕ್ಕೆ ಹೋಗಿಬಿಟ್ಟಿದ್ದಾರೆ. ಮಂಡಿ ನೋವಿನವರು ಅಷ್ಟು ದೂರ ನಡೆದು ಹೋಗಿ ಕೂರುತ್ತಾರೆ. ನಾನು ಹಿಂದೆಯೇ ಹೋದೆ.

"ಅಜ್ಜಾ, ನನ್ನ ಜೊತೆ ಮಾತಾಡಿ. ಬೈಯೋದಾದ್ರೆ ಬೈಯಿರಿ."

ಅವರು ದಾರ ಸುತ್ತುತ್ತಲೇ ಕೇಳಿದರು, "ಗೊತ್ತಿದ್ದು ಮಾಡಿದ್ಯಾ, ಗೊತ್ತಿಲ್ದೆ ಮಾಡಿದ್ಯಾ?"

"ಗೊತ್ತಿಲ್ದೆ. ವಾಪಸು ಬಿಡ್ತೀವಿ ಅಂದಿದ್ರು."

"ಒಪ್ಪಿಗೆ ಕೊಟ್ಟೆ ಅಂತ ಬೋರ್ಡಲ್ಲಿ ಬರೆದಿದೆ."

"ಅದು ಸುಳ್ಳು ಅಜ್ಜಾ."

"ಇರಬಹುದು. ನನ್ನ ಅಂಗಡಿಗೆ ಬರೋರೆಲ್ಲ ಬೀಗ ತಮ್ಮದೇ ಅಂತಾರೆ ಮಗಳೇ. ನಾನು ಪಕ್ಕದ ಮನೆಯೋರನ್ನ ಕರೆಸಿ ಕೇಳ್ತೀನಿ. ಅವರು ಹೌದು ಅಂದ್ರೇ ತೆಗೆಯೋದು."

ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಅವರ ಜಾಗದಲ್ಲಿ ನಾನಿದ್ದರೆ ನಾನೂ ಹಾಗೇ ಕೇಳುತ್ತಿದ್ದೆ. ನಾನು ಹೇಳಿದರೆ ಅದು ನೆಪ, ನೀವು ಹೇಳಿದರೆ ಸಾಕ್ಷಿ. ವಾಪಸು ಬಿಡುತ್ತೇವೆ ಎಂದು ನೀವು ಹೇಳಿದಾಗ ಕಚೇರಿಯ ಆ ಕೋಣೆಯಲ್ಲಿ ಇದ್ದವರು ನಾವಿಬ್ಬರೇ, ಸಾಹೇಬರೇ. ಮೀನಂತೂ ಬಂದು ಹೇಳುವುದಿಲ್ಲ.

ಕೆರೆಯ ಈಗಿನ ಸ್ಥಿತಿಯನ್ನೂ ಹೇಳಬೇಕು, ಯಾಕೆಂದರೆ ನೀರಿನ ಗುಣಮಟ್ಟದ ಚಿಂತೆ ನಿಮಗೆ ಬಹಳ. ವಾಯುವಿಹಾರಕ್ಕೆ ಬರುವವರು ಎಂದಿನಂತೆ ಬ್ರೆಡ್ಡು ಎಸೆಯುತ್ತಾರೆ. ತಿನ್ನುವ ಬಾಯಿಗಳು ಹೋಗಿವೆ. ಅದು ಉಬ್ಬಿ, ಮುಳುಗಿ, ಕೊಳೆತು, ಮೊಣಕೈಯಲ್ಲಿ ಹಸಿರು ಕೆನೆ ಕಟ್ಟಿದೆ. ಉಳಿದ ಮರಿಮೀನುಗಳು ಬೆಳಗಿನ ಹೊತ್ತು ಮೇಲೆ ಬಂದು ಬಾಯಿ ತೆರೆಯುತ್ತವೆ. ನೋಡಿದವರು ಪಾಪ ಹಸಿದಿವೆ ಎಂದು ಇನ್ನಷ್ಟು ಎಸೆಯುತ್ತಾರೆ. ಅದು ಹಸಿವಲ್ಲ, ಉಸಿರು ಸಾಲದೆ ಬಾಯಿ ಬಿಡುವುದು. ಸೆಖೆಯ ವಾರಗಳಲ್ಲಿ ಹಾಗೆ ಕಂಡರೆ ನಾವ್ಯಾರೂ ಅಂದು ಗಾಳವನ್ನೂ ಹಾಕುವುದಿಲ್ಲ, ಕಾಳನ್ನೂ ಹಾಕುವುದಿಲ್ಲ. ಇದನ್ನು ನಿಮ್ಮ ಗೋಡೆಯ ನಕ್ಷೆಯ ಪಕ್ಕದಲ್ಲಿ ನಾನೇ ಬರೆದುಕೊಟ್ಟಿದ್ದೆ. ಅದರಲ್ಲಿ ಎಲ್ಲಿ ಹಿಡಿಯಬಹುದು ಎಂಬ ಭಾಗವನ್ನಷ್ಟೇ ನೀವು ಓದಿಕೊಂಡಿರಿ.

ಹಾಗಾದರೆ ನನಗೆ ಏನು ಬೇಕು? ಮೀನುಗಳನ್ನು ನಾಳೆಯೇ ತಂದುಬಿಡಿ ಎಂದು ಬರೆದರೆ ಓದುವವರು ಚಪ್ಪಾಳೆ ತಟ್ಟುತ್ತಾರೆ, ಬರೆಯಲು ಕೈಯೂ ತುರಿಸುತ್ತಿದೆ. ಆದರೆ ಈ ಬಿಸಿಲಿನಲ್ಲಿ ಇನ್ನೊಮ್ಮೆ ತೊಟ್ಟಿಗೆ ಹಾಕಿ ಕುಲುಕಿದರೆ ಅರ್ಧಕ್ಕರ್ಧ ಸಾಯುತ್ತವೆ. ನೀರು ತಣ್ಣಗಾಗುವ ತನಕ ಅವು ಅಲ್ಲೇ ಇರಲಿ. ಚಳಿ ಬಿದ್ದ ಮೇಲೆ ತನ್ನಿ, ತರುವ ತಾರೀಕನ್ನು ಈಗಲೇ ಗೇಟಿನ ಬೋರ್ಡಿನಲ್ಲಿ ಬರೆಸಿ. ಆ ಖಾಸಗಿ ಕೊಳದವರಿಗೂ ನಿಮಗೂ ಏನು ಮಾತಾಗಿದೆ ಎಂಬುದನ್ನು ತಿಳಿಯುವ ಹಕ್ಕು ಊರಿಗಿದೆ, ಊರು ಕೇಳಲಿ.

ನನ್ನದು ಬೇರೆ. ಬರುವ ಭಾನುವಾರ ಬೆಳಿಗ್ಗೆ ಆರು ಗಂಟೆಗೆ ದಡಕ್ಕೆ ಬನ್ನಿ. ಫೋಟೋದವರನ್ನು ಕರೆತರಬೇಡಿ, ಭಾಷಣ ಬೇಡ. ಆಚೆ ದಡದಲ್ಲಿ ಸ್ಟೂಲಿನ ಮೇಲೆ ಒಬ್ಬ ಮುದುಕರು ಕೂತಿರುತ್ತಾರೆ. ಅವರ ಹತ್ತಿರ ಹೋಗಿ, "ಎಣಿಸಿ ವಾಪಸು ಬಿಡುತ್ತೇವೆ ಎಂದು ಈ ಹುಡುಗಿಗೆ ಹೇಳಿದವನು ನಾನೇ" ಎನ್ನಿ. ಅಷ್ಟೇ. ಕ್ಷಮೆ ಕೇಳಬೇಕಿಲ್ಲ. ಅವಳದೂ ತಪ್ಪಿದೆ ಎಂದು ಸೇರಿಸುವುದಾದರೆ ಸೇರಿಸಿ. ಅನುಮಾನ ಬಂದ ದಿನ ಡಬ್ಬವನ್ನು ಕೆಳಗಿಡದೆ ಹೋದದ್ದು ನನ್ನದೇ ತಪ್ಪು, ಅದನ್ನು ಅಜ್ಜನಿಗೆ ನಾನೇ ಹೇಳುತ್ತೇನೆ. ನೀವು ನಿಮ್ಮ ಪಾಲನ್ನು ಹೇಳಿ. ಅವರು ಆಮೇಲೆ ನನ್ನ ಪಕ್ಕಕ್ಕೆ ಬರುತ್ತಾರೋ ಇಲ್ಲವೋ, ಅದು ಅವರಿಗೆ ಬಿಟ್ಟದ್ದು.

ನೀವು ಬರುವ ತನಕ ನಾನು ಗಾಳ ಹಾಕುವುದಿಲ್ಲ, ಕಾಳನ್ನೂ ಹಾಕುವುದಿಲ್ಲ. ಬೆಳಿಗ್ಗೆ ಉದ್ದ ಹಿಡಿಯ ಜಾಲರಿ ಹಿಡಿದು ಮೊಣಕೈಯ ಕೊಳೆತ ಬ್ರೆಡ್ಡು ತೆಗೆಯುತ್ತಿರುತ್ತೇನೆ. ದೂರದಿಂದಲೇ ಗುರುತು ಸಿಗುತ್ತೇನೆ, ಆ ಮೂಲೆಯಲ್ಲಿ ಈಗ ನಾನೊಬ್ಬಳೇ.

ಕೊನೆಗೆ "ಇಂತಿ ತಮ್ಮ ವಿಧೇಯಳು" ಎಂದು ಬರೆಯಬೇಕು ಎಂದಳು ಅಕ್ಕ. ವಿಧೇಯಳಾಗಿದ್ದಕ್ಕೇ ಇಷ್ಟೆಲ್ಲ ಆಯಿತು. ಆದ್ದರಿಂದ,

ಇಂತಿ,
ಇನ್ನು ಮುಂದೆ ಕೇಳಿದ್ದಕ್ಕೆ ಉತ್ತರ ಸಿಗುವ ತನಕ ಕುರ್ಚಿಯಲ್ಲಿ ಕೂರದವಳು